ನಂಬರ್ ತಾನೇ ಹಾಕಿಕೊಳ್ಳುವ ಪಟ್ಟಿ

"ಮೂರನೇದಾಗಿ ಈ ಹೆಸರು ಸೇರ್ಸಮ್ಮಾ," ಎಂದು ಕಚೇರಿಯ ಸೂಪರಿಂಟೆಂಡೆಂಟರು ಒಂದು ಚೀಟಿಯನ್ನು ಕೀಬೋರ್ಡಿನ ಮೇಲಿಟ್ಟರು.

ಕಾಲೇಜಿನ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಅವಳು ಚೀಟಿ ಓದಿ ತಲೆಯೆತ್ತಿದಳು. ಗುತ್ತಿಗೆಯ ಮೇಲಿದ್ದ ಲ್ಯಾಬ್ ಸಹಾಯಕರ ಹಿರಿತನದ ಪಟ್ಟಿಯನ್ನು ಅಂದು ಬೆಳಿಗ್ಗೆಯಷ್ಟೇ ಹಾಕಿದ್ದಳು. ಮೊದಲ ಏಳು ಜನಕ್ಕೆ ಕಾಯಂ ಕೆಲಸ. ಏಳನೆಯವಳು ಅವಳ ಒಡಹುಟ್ಟಿದ ಅಕ್ಕ. ಹದಿನಾಲ್ಕು ವರ್ಷ ಆಸಿಡ್ ಸೀಸೆ ತೊಳೆದು ಬೆರಳ ತುದಿಯ ಗೆರೆಗಳನ್ನೇ ಕಳೆದುಕೊಂಡವಳು.

"ಇವ್ರು ಸೇರಿ ಎರಡು ವರ್ಷ ಆಗಿಲ್ಲ ಸಾರ್."

"ಮೇಲಿನವ್ರ ಕಡೆಯವ್ರು. ಅಂದ ಹಾಗೆ, ಮುಂದಿನ ತಿಂಗ್ಳು ನಿನ್ನ ಗುತ್ತಿಗೇನೂ ಮುಗಿಯತ್ತಲ್ವಾ?" ದನಿಯಲ್ಲಿ ಗದರಿಕೆ ಇರಲಿಲ್ಲ, ಯೋಗಕ್ಷೇಮ ವಿಚಾರಿಸುವವರ ಹಾಗೆ ಕೇಳಿದರು.

ಮೊದಲೆಲ್ಲ ಇದು ಇಷ್ಟು ಸಲೀಸಾಗಿರಲಿಲ್ಲ. ಸಂಖ್ಯೆಗಳನ್ನು ಕೈಯಾರೆ ಬರೆಯುತ್ತಿದ್ದಾಗ ನಡುವೆ ಒಬ್ಬರನ್ನು ತುರುಕಿದರೆ ಕೆಳಗಿನ ನಲವತ್ತು ಅಂಕಿ ತಿದ್ದಬೇಕಿತ್ತು. ಎಲ್ಲೋ ಒಂದು ತಪ್ಪಿಹೋಗಿ, ಎರಡೆರಡು ಹನ್ನೊಂದು ಕಾಣಿಸಿಕೊಂಡು, ಗುಟ್ಟು ರಟ್ಟಾಗುತ್ತಿತ್ತು. ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಕಲಿತು ಬಂದು, ಸಾಲುಗಳಿಗೆ ತಾನೇ ಅಂಕಿ ಕೊಡುವ ಓಎಲ್ ಟ್ಯಾಗು, ಅದರೊಳಗೆ ಹೆಸರಿಗೊಂದು ಎಲ್‌ಐ ಸಾಲು ಎಂದು ಪಟ್ಟಿಯನ್ನು ಹೊಸದಾಗಿ ಕಟ್ಟಿದವಳು ಅವಳೇ. "ಹೆಸರು ಹಾಕಿದ್ರೆ ಸಾಕು ಸಾರ್, ನಂಬರ್ ಅದೇ ಹಾಕ್ಕೊಳ್ಳತ್ತೆ," ಎಂದು ಇದೇ ಸೂಪರಿಂಟೆಂಡೆಂಟರಿಗೆ ಹೆಮ್ಮೆಯಿಂದ ತೋರಿಸಿದ್ದಳು.

ಅವರು ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು. ಎರಡನೆಯ ಹೆಸರಿನ ಕೆಳಗೆ ಅವಳು ಒಂದು ಸಾಲು ಸೇರಿಸಿದಳು. ಪುಟ ಮತ್ತೆ ತೆರೆದಾಗ ಉಳಿದವರೆಲ್ಲ ತುಟಿಪಿಟಕ್ಕೆನ್ನದೆ ಒಂದೊಂದು ಮೆಟ್ಟಿಲು ಇಳಿದಿದ್ದರು. ಅಕ್ಕ ಎಂಟು.

ಸಂಜೆ ಮನೆಗೆ ಬಂದಾಗ ಅಕ್ಕ ಮೊಬೈಲನ್ನು ಕಣ್ಣಿಗೆ ಒತ್ತಿಕೊಂಡಂತೆ ಹಿಡಿದು ಕೂತಿದ್ದಳು.

"ಬೆಳಿಗ್ಗೆ ಏಳು ಅಂತಿತ್ತಲ್ವೇನೇ? ಎಲ್ರಿಗೂ ಹೇಳ್ಕೊಂಡು ಬಂದ್ಬಿಟ್ಟೆ."

"ಇಲ್ಲಕ್ಕಾ, ಎಂಟೇ ಇತ್ತು. ನೀನು ಎಣಿಸೋವಾಗ ತಪ್ಪಿರ್ಬೇಕು."

"ನಾನೆಲ್ಲಿ ಎಣಿಸ್ದೆ? ನಂಬರ್ ಅಲ್ಲೇ ಇತ್ತು."

ತಂಗಿ ಚಪ್ಪಲಿ ಬಿಚ್ಚುವ ನೆಪದಲ್ಲಿ ಬಗ್ಗಿದವಳು ಬೇಗ ಏಳಲಿಲ್ಲ. ಅಕ್ಕ ಮೊಬೈಲನ್ನು ಬೋರಲಾಗಿಟ್ಟು ಒಳಗೆ ಹೋದಳು. ತಂಗಿಯ ತಟ್ಟೆಗೆ ಬಡಿಸಿ ಮೇಜಿನ ಮೇಲಿಟ್ಟಳು. ಆಮೇಲೆ ತನ್ನ ತಟ್ಟೆಯನ್ನೆತ್ತಿಕೊಂಡು ಹೋಗಿ ಕಿಟಕಿಯ ಹತ್ತಿರ ಬೆನ್ನುಮಾಡಿ ಕೂತು ಉಣ್ಣತೊಡಗಿದಳು.