ಪರದೆಯ ಸಾಬೂನು

ನಾಟಕಮಂದಿರದ ರೇಷ್ಮೆ ಪರದೆಗೆ ಹತ್ತಿದ್ದ ಮಸಿಯ ಕಲೆಯ ಮುಂದೆ ಊರಿನ ಐವರು ಲಾಂಡ್ರಿಯವರು ಕೈಚೆಲ್ಲಿದ ಮೇಲೆ, ಮೂರು ದಿನ ಊಟ ನಿದ್ದೆ ಬಿಟ್ಟು, ನಾನೇ ಕಾಯಿಸಿದ ಸಾಬೂನಿನಿಂದ ಅದನ್ನು ತೆಗೆದವನು ನಾನು. ನಲವತ್ತು ವರ್ಷ ಲಾಂಡ್ರಿ ನಡೆಸಿದವನಿಗೆ ಅದೇ ಕಿರೀಟ.

ಮೊಮ್ಮಗಳ ನಾಯಿ ಗುಂಡನ ಹಾಸಿಗೆಯನ್ನೂ ಅದೇ ಸಾಬೂನಿನಲ್ಲಿ ಒಗೆಯುತ್ತಿದ್ದೆ. ಗುಂಡ ಕೆರೆದು ಕೆರೆದು ಹೊಟ್ಟೆಯನ್ನೆಲ್ಲ ಹುಣ್ಣು ಮಾಡಿಕೊಂಡಿದ್ದ. ಊಟ ಬದಲಾಯಿತು, ಮುಲಾಮು ಬದಲಾಯಿತು. ತುರಿಕೆ ಹೆಚ್ಚಿದಷ್ಟೂ ನಾನು ಸಾಬೂನು ಹೆಚ್ಚಿಸಿದೆ.

ಇಂದು ಮನೆಗೇ ಬಂದ ಪಶುವೈದ್ಯೆ ಹಾಸಿಗೆಯನ್ನು ಮೂಸಿ, "ಯಜಮಾನರೇ, ಇದನ್ನ ಯಾವುದರಲ್ಲಿ ಒಗೀತೀರಿ?" ಎಂದರು. ಪರದೆಯ ಕಥೆಯನ್ನೂ ಸೇರಿಸಿ ಹೆಮ್ಮೆಯಿಂದ ಹೇಳಿದೆ.

"ಪರದೆಗೆ ತುರಿಕೆ ಆಗಲ್ಲವಲ್ಲ," ಎಂದರು ಮೆಲ್ಲಗೆ. "ಇವನ ಮೈಗೆ ಆ ಸಾಬೂನೇ ಆಗ್ತಿಲ್ಲ. ಹುಣ್ಣಲ್ಲಿ ಕೀವು ತುಂಬಿದೆ. ಸೂಜಿ ಚುಚ್ಚಿದ್ದೀನಿ, ಉಳೀತಾನೆ ಅಂತ ಮಾತ್ರ ಹೇಳಲಾರೆ."

ಅವರು ಹೋದ ಮೇಲೆ ಹಾಸಿಗೆಯನ್ನು ಬರೀ ನೀರಿನಲ್ಲಿ ಏಳು ಬಾರಿ ಜಾಲಿಸಿದೆ. ಏಳನೆಯ ನೀರಿನಲ್ಲೂ ನೊರೆ ಎದ್ದಿತು.

ಮೊಮ್ಮಗಳು ಗುಂಡನ ಕಾಲುಗಳನ್ನು ಕೆರೆಯಗೊಡದೆ ಹಿಡಿದು ಕುಳಿತಿದ್ದಳು.

"ನನ್ನಿಂದಲೇ ಆಯ್ತು, ಕಂದಾ."

"ಗೊತ್ತಜ್ಜ. ನಿನ್ನ ಕಥೆ ಶುರುವಾದ್ರೆ ನನ್ನ ಹಾಗೇ ಇವನಿಗೂ ನಿದ್ದೆ ಬರುತ್ತೆ, ನಿದ್ದೇಲಿ ಕೆರ್ಕೊಳ್ಳಲ್ಲ. ಆ ಪರದೆ ಕಥೆ ಇನ್ನೊಂದು ಸಲ ಹೇಳು."