ಗ್ರಹಣಕ್ಕೆ ಮುಂಚೆಯೇ ಅತ್ತ ಮೇಷ್ಟ್ರು

೧

ಎಲ್ಲಿಂದ ಶುರು ಮಾಡಲಿ? ಸೂರ್ಯನಿಂದ ಶುರು ಮಾಡಿದರೆ ಕಥೆ ವಿಪರೀತ ಉದ್ದವಾಗುತ್ತದೆ. ವಿಶ್ವವಿದ್ಯಾಲಯದ ಪ್ರಚಾರ ವಿಭಾಗದಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. (ತಿರುಗಿಸಬೇಡಿ. ಅಲ್ಲಿ ಎರಡು ಮೇಜು, ಮುನಿಸಿಕೊಂಡ ಒಂದು ಪ್ರಿಂಟರ್ ಮತ್ತು ಪುಟ್ಟಿ ಇದ್ದಾಳೆ.)

೨

ಪುಟ್ಟಿ ಆ ವಿಭಾಗದ ಮುಖ್ಯಸ್ಥೆ. ಅವಳನ್ನು ಈಗಲೂ ಪುಟ್ಟಿ ಎಂದೇ ಕರೆಯುವವರು ಅವಳ ಸೋದರಮಾವ, ಅದೇ ವಿಶ್ವವಿದ್ಯಾಲಯದಲ್ಲಿ ಖಗೋಳ ಪಾಠ ಮಾಡುವ ಮೇಷ್ಟ್ರು. ಅವರ ವಿಭಾಗಕ್ಕೆ ವಿದ್ಯಾರ್ಥಿಗಳೇ ಬರುತ್ತಿಲ್ಲ. ಈ ಸಲವೂ ಯಾರೂ ಸೇರದಿದ್ದರೆ ಬೀಗ ಎಂದು ಕುಲಪತಿಗಳು ಹೇಳಿಯಾಗಿದೆ. ಅಷ್ಟರಲ್ಲಿ ಊರಿಗೆ ಕಂಕಣ ಗ್ರಹಣ ಬರುತ್ತಿದೆ. ಹೇಗೂ ಟೀವಿಯವರೆಲ್ಲ ಆಕಾಶ ನೋಡುತ್ತಾರೆ, ನಮ್ಮ ಮೈದಾನಕ್ಕೇ ಬಂದು ನೋಡಲಿ ಎಂಬುದು ಪುಟ್ಟಿಯ ಪ್ಲಾನು.

(ಈ ಕಥೆಯ ಮೊದಲ ಡ್ರಾಫ್ಟಿನಲ್ಲಿ ಗ್ರಹಣದ ಬದಲು ಫುಟ್‌ಬಾಲ್ ಫೈನಲ್ ಇತ್ತು. "ಚೆಂಡಿನ ವಿಷಯ ನಂಗೇನ್ರೀ ಗೊತ್ತು?" ಎಂದು ಮೇಷ್ಟ್ರು ಕೂತ ಜಾಗದಿಂದ ಏಳಲಿಲ್ಲ. ಹರಿದು ಹಾಕಿದೆ.)

೩

ದೊಡ್ಡ ಘಟನೆಯ ವರದಿಯನ್ನು ಘಟನೆಗೆ ಮುಂಚೆಯೇ ಬರೆದಿಟ್ಟುಕೊಳ್ಳುವುದು ಪ್ರಚಾರದವರ ಪದ್ಧತಿ. ಮುಗಿದ ಕ್ಷಣವೇ ಕಳಿಸಬಹುದು. ಪುಟ್ಟಿಯೂ ಬರೆದಳು: "ಬೆಂಕಿಯ ಬಳೆ ಕಂಡು ಹಿರಿಯ ವಿಜ್ಞಾನಿಯ ಕಣ್ಣಲ್ಲಿ ನೀರು." ಬರೆದು, ಉಳಿಸುವ ಬದಲು ಎಲ್ಲ ಪತ್ರಿಕೆಗಳಿಗೂ ಕಳಿಸಿಬಿಟ್ಟಳು. ಗ್ರಹಣಕ್ಕೆ ಇನ್ನೂ ಎರಡು ದಿನವಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಇವಳು ಕುಲಾವಿ ಹೊಲಿದು ಊರಿಗೆಲ್ಲ ತೋರಿಸಿಯೂ ಆಗಿತ್ತು.

೪

"ನಾನು ಅತ್ತಿದ್ದು ಯಾವಾಗ, ಪುಟ್ಟಿ?" ಮೇಷ್ಟ್ರು ಪೇಪರ್ ಹಿಡಿದುಕೊಂಡೇ ಬಂದರು.

"ಸಾರಿ ಮಾವ, ಕೈತಪ್ಪಿ ಹೋಯ್ತು. ಮೇಷ್ಟ್ರು ಅಳಲಿಲ್ಲ ಅಂತ ತಿದ್ದುಪಡಿ ಕಳಿಸ್ತೀನಿ."

"ಅದು ಹೇಗೆ ಕಳಿಸ್ತೀಯ? ಅದೂ ಇನ್ನೂ ಗೊತ್ತಿಲ್ವಲ್ಲ!"

ಕಣ್ಣಾರೆ ಕಾಣದ್ದನ್ನು ಹೇಳುವ ಪೈಕಿ ಅಲ್ಲ ಅವರು. ಟೀವಿಯವರು ಫೋನ್ ಮಾಡಿ ನಗಾಡಿದಾಗಲೂ ಅದೇ ಉತ್ತರ: "ಅಳ್ತೀನೋ ಇಲ್ವೋ, ಆವತ್ತೇ ಬಂದು ನೋಡಿ."

ಊರಿಗೆ ಊರೇ ಬಂತು.

೫

(ಇಲ್ಲಿ ಮೋಡ ಕವಿಸಬೇಕೆಂದಿದ್ದೆ. "ಮೋಡ ಗೀಡ ತಂದ್ರೆ ನಿಮ್ಮ ಕಥೇಲಿ ನಾನಿರಲ್ಲ, ನೋಡಿ!" ಎಂದು ಪುಟ್ಟಿ ಗದರಿದಳು. ಮೋಡ ವಾಪಸ್.)

ಕ್ಯಾಮೆರಾಗಳೆಲ್ಲ ಆಕಾಶ ಬಿಟ್ಟು ಮೇಷ್ಟ್ರ ಕಣ್ಣಿಗೇ ತಿರುಗಿದ್ದವು. ಆಗ ಹೊಳೆಯಿತು ಎಲ್ಲರಿಗೂ: ಕಂಕಣ ಗ್ರಹಣದಲ್ಲಿ ಸೂರ್ಯ ಪೂರ್ತಿ ಮುಚ್ಚುವುದಿಲ್ಲ, ಗ್ರಹಣ ನೋಡುವ ಕಪ್ಪು ಕನ್ನಡಕ ತೆಗೆಯುವಂತಿಲ್ಲ. ಮೇಷ್ಟ್ರು ಅದನ್ನು ಹಾಕಿಕೊಂಡೇ ನಿಂತಿದ್ದರು. ಬಳೆ ಮೂಡಿತು. ಅವರ ಬಾಯಿ ಸ್ವಲ್ಪ ತೆರೆಯಿತು. ಬಳೆ ಒಡೆಯಿತು.

"ಅತ್ರಾ, ಮಾವ?"

"ನೀನು ನನ್ನ ಮುಖ ನೋಡ್ತಿದ್ಯಾ? ಅಯ್ಯೋ ಪೆದ್ದಿ, ಮೇಲೆ ನೋಡ್ಲೇ ಇಲ್ವಾ?"

ಪುಟ್ಟಿ ಇಲ್ಲವೆಂದು ತಲೆಯಾಡಿಸಿದಳು. ಟೀವಿಯವರೂ ನೋಡಿರಲಿಲ್ಲ. (ನೀವು? ನಿಜ ಹೇಳಿ.) ಜನರ ನಡುವಿನಿಂದ ಯಾರೋ "ಒನ್ಸ್ ಮೋರ್!" ಎಂದು ಕೂಗಿದರು. ಮೈದಾನವೆಲ್ಲ ನಕ್ಕಿತು.

ಮೇಷ್ಟ್ರು ಮೈಕ್ ಇಸಿದುಕೊಂಡರು. "ಮುಂದಿನದು ಯಾವಾಗ, ಎಲ್ಲಿ ಅಂತ ಲೆಕ್ಕ ಹಾಕೋದು ಕಲಿಸ್ತೀನಿ. ನನ್ನ ರೂಮಿಗೆ ಬೀಗ ಬೀಳೋ ಮುಂಚೆ ಬನ್ನಿ." ಅದು ನೇರ ಪ್ರಸಾರವಾಗಿತ್ತು.

೬

ಕೊನೆ ಒಂದು: ವಿಭಾಗದ ಮುಂದೆ ನೂಕುನುಗ್ಗಲು. ಕೊನೆ ಎರಡು: ಬೀಗ. ಎರಡನ್ನೂ ನಾನು ಗ್ರಹಣಕ್ಕೆ ಮುಂಚೆಯೇ ಬರೆದಿಟ್ಟಿದ್ದೆ (ನನ್ನ ಕಸುಬಿನಲ್ಲೂ ಅದೇ ಪದ್ಧತಿ). ಮೊದಲನೆಯದನ್ನು ಕಳಿಸಲು ಹೊರಟಾಗ ಮೇಷ್ಟ್ರು ಕೈ ಹಿಡಿದರು.

"ಸೇರೋಕೆ ಶುಕ್ರವಾರದವರೆಗೆ ಟೈಮಿದೆ. ನೋಡದೆ ಹೇಗ್ರೀ ಬರೀತೀರಿ?"

ಈ ಮನುಷ್ಯನ ಮೇಲೆ ನನಗೆ ಪ್ರೀತಿ ಹುಟ್ಟಿಬಿಟ್ಟಿದೆ. ಬರೆಯುವುದಿಲ್ಲ, ಹೋಗಿ. ಇವತ್ತಿನ್ನೂ ಬುಧವಾರ. ಮೇಷ್ಟ್ರು ರೂಮಿನ ಬಾಗಿಲು ತೆರೆದಿಟ್ಟು, ಎದುರಿಗೆ ಎರಡು ಖಾಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಪುಟ್ಟಿ ತನ್ನ ವಿಭಾಗದಿಂದ ಮೂರನೆಯದನ್ನು ಎಳೆದುಕೊಂಡು ಬರುತ್ತಿದ್ದಾಳೆ.