‘ಹ್ಯಾಮರ್‌ಗೇಟ್’ನ ಕೂಗು

ಮಧ್ಯಾಹ್ನದ ಹೊತ್ತಿಗೆ ರಾಕ್ ಹಾಡುಗಾರ ರಾಯ್‌ಸ್ಟನ್ ಪಾರ್ಗಿಟರನ ಗಂಟಲು ಕೈಕೊಟ್ಟಿತು. ಬೆಳಗಿನಿಂದ ಒಂದೇ ಒಂದು ಕೂಗಿಗಾಗಿ ಅವನು ಒದ್ದಾಡುತ್ತಿದ್ದ. ಜೇನು ಹಾಕಿದ ಚಹಾ ಕುಡಿದ, ಬಿಸಿ ಹಬೆ ತೆಗೆದುಕೊಂಡ, ಚೀಪುವ ಮಾತ್ರೆಗಳ ಡಬ್ಬಿ ಖಾಲಿ ಮಾಡಿದ. ಅರವತ್ತಾರು ವರ್ಷದ ಗಂಟಲು ಇಂಥ ಲಂಚಕ್ಕೆಲ್ಲ ಬಗ್ಗುತ್ತದೆಯೇ?

ಇಂಗ್ಲೆಂಡಿನ ವಿಲನ್‌ಹಾಲ್ ಊರಿನ ಹಳೇ ಬೀಗದ ಕಾರ್ಖಾನೆಯನ್ನು ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡಿದ್ದ ಗ್ವೆಂಡಾ, ಗಾಜಿನಾಚೆ ಬೇಕನ್ ಸ್ಯಾಂಡ್‌ವಿಚ್ ತಿನ್ನುತ್ತ ಕಾಯುತ್ತಿದ್ದಳು. ಡ್ರಮ್ಮಿನವನೂ ಬೇಸ್ ಗಿಟಾರಿನವನೂ ತಮ್ಮ ಪಾಲಿನ ಕೆಲಸ ಮುಗಿಸಿ ಮನೆ ಸೇರಿದ್ದರು. ಉಳಿದವನು ಗಿಟಾರಿನ ನೆವಿಲ್ ಹಿಂಗ್ಲಿ ಒಬ್ಬನೇ. ಅವನೂ ಗಾಜಿನಾಚೆಯೇ ಮೂಲೆಯ ಸೋಫಾದಲ್ಲಿ ನೆಲ ನೋಡುತ್ತ ಕೂತಿದ್ದ.

‘ಹ್ಯಾಮರ್‌ಗೇಟ್’ ತಂಡಕ್ಕೆ ಹೆಸರು ತಂದದ್ದು ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಬಂದ ಮೊದಲ ರೆಕಾರ್ಡು. ಅದು ಇವತ್ತಿಗೂ ರೆಕಾರ್ಡ್ ಕಂಪನಿಯ ಸೊತ್ತು. ಇಂಥ ತಂಡಗಳು ವಯಸ್ಸಾದ ಮೇಲೆ ತಮ್ಮ ಹಾಡುಗಳನ್ನೇ ಮೊದಲಿನಿಂದ ಇನ್ನೊಮ್ಮೆ ಹಾಡಿ, ತಮ್ಮದೆನ್ನುವ ಪ್ರತಿ ಮಾಡಿಕೊಳ್ಳುತ್ತವೆ. ಸ್ವಂತ ಮನೆಗೇ ಕನ್ನ ಹಾಕುವ ಕೆಲಸ. ಇವರದೂ ಎಲ್ಲ ಹಾಡು ಮುಗಿದಿತ್ತು. ಕಡೆಯ ಹಾಡಿನ ಕೊನೆಯಲ್ಲಿ ವಾದ್ಯಗಳೆಲ್ಲ ನಿಂತು ರಾಯ್‌ಸ್ಟನ್ ಒಬ್ಬನೇ ಕೂಗುವ ಕೂಗು ಮಾತ್ರ ಬಾಕಿ. ಆ ಕೂಗಿಲ್ಲದೆ ಈ ರೆಕಾರ್ಡನ್ನು ನಾಯಿಯೂ ಮೂಸಿ ನೋಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅದರ ಹಿಂದೆ ಬಿದ್ದೇ ಅವನ ಗಂಟಲಿಗೆ ಎರಡು ಸಲ ಡಾಕ್ಟರ ಕತ್ತರಿ ಬಿದ್ದಿತ್ತು. ಅವನು ಕರಕರ ದನಿಯಲ್ಲಿ ಕಥೆ ಹೇಳಲು ಕೂತರೆ ಮೊಮ್ಮಗಳು, “ತಾತ, ನಿನ್ನ ರೇಡಿಯೋ ಸರಿ ಮಾಡ್ಕೋ” ಎನ್ನುತ್ತಿದ್ದಳು.

ಮತ್ತೊಮ್ಮೆ ಕೂಗಿದ. ಅರ್ಧಕ್ಕೇ ದನಿ ಒಡೆದುಹೋಯಿತು. ಕರವಸ್ತ್ರಕ್ಕೆ ಉಗುಳಿದಾಗ ಕೆಂಪು ಕಾಣಿಸಿತು.

ನೆವಿಲ್ ಎದ್ದು ಒಳಗೆ ಬಂದ. “ಸಾಕು ಬಿಡೋ ಮಾರಾಯ. ಸಾಯ್ತೀಯಾ?”

“ಇನ್ನೊಂದೇ ಸಲ.”

“ಬೆಳಿಗ್ಗೆಯಿಂದ ಇದೇ ಪುರಾಣ.”

“ಇಪ್ಪತ್ತೆರಡನೇ ವಯಸ್ಸಲ್ಲಿ, ಮೈಯೆಲ್ಲ ಜ್ವರ ಸುಡ್ತಿದ್ದಾಗ, ಒಂದೇ ಏಟಿಗೆ ಕೂಗಿದೀನಿ ಕಣೋ. ಆ ಹುಡುಗನ ಮುಂದೆ ಸೋತು ಮನೆಗೆ ಹೋಗ್ಲಾ?”

ನೆವಿಲ್ ಗೋಡೆಗೆ ಒರಗಿದ. “ಆ ಹುಡುಗ ಅದನ್ನ ಕೂಗ್ಲೇ ಇಲ್ಲ, ರಾಯ್.”

“ಏನಂದೆ?”

“ಜ್ವರ ಅಂತ ನೀನು ಮನೆಗೆ ಹೋದೆ. ಹೋಗೋ ಮುಂಚೆ ನೀನು ಕೂಗಿದ್ದು ಕೆಳಗಿನ ಸ್ವರದಲ್ಲಿ, ತೀರಾ ಸಪ್ಪೆ ಇತ್ತು. ನಾನೂ ಅವತ್ತಿನ ಪ್ರೊಡ್ಯೂಸರೂ ಸೇರ್ಕೊಂಡು ಅಷ್ಟು ತುಂಡು ಟೇಪ್ ಮಾತ್ರ ಸ್ಪೀಡ್ ಜಾಸ್ತಿ ಮಾಡಿ ಓಡಿಸಿದ್ವಿ. ಸ್ವರ ಮೇಲಕ್ಕೆ ಹೋಯ್ತು. ಹೇಳ್ಬೇಕು ಅಂತಲೇ ಇದ್ವಿ. ನೀನು ರೆಕಾರ್ಡ್ ಕೇಳಿ ಅತ್ತುಬಿಟ್ಟೆ. ‘ಇದು ನಾನಾ?’ ಅಂದೆ. ಆಮೇಲೆ ಯಾವ ಬಾಯಲ್ಲಿ ಹೇಳೋದು?”

“ನಲವತ್ನಾಲ್ಕು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯೇನೋ ಬೇವರ್ಸಿ?”

“ಮುಂದಿನ ತಿಂಗಳೇ ಸ್ಟೇಜ್ ಮೇಲೆ ಅದೇ ಸ್ವರ ಕೂಗಿಬಿಟ್ಟೆಯಲ್ಲೋ! ಯಾವ ಟೇಪೂ ಇಲ್ದೆ, ಬರೀ ಗಂಟಲಲ್ಲಿ. ನಾನು ಬಾರ್ಸೋದು ಬಿಟ್ಟು ನೋಡ್ತಾ ನಿಂತಿದ್ದೆ. ಇನ್ನು ಹೇಳೋದೇ ಬೇಡ ಅನ್ನಿಸ್ತು.”

ರಾಯ್‌ಸ್ಟನ್ ಕೈ ಮುಷ್ಟಿ ಮಾಡಿದ. ಹೊಡೆಯಲು ಮೈಯಲ್ಲಿ ತ್ರಾಣವಿರಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತ. ನೆವಿಲ್‌ನ ಮೇಲೆ ಸಿಟ್ಟಿತ್ತು, ಆದರೆ ಆ ಸಿಟ್ಟಿನ ಅಡಿಯಲ್ಲಿ ಇನ್ನೇನೋ ಮೆಲ್ಲಗೆ ಏಳುತ್ತಿತ್ತು.

“ಅಂದ್ರೆ ಡಾರ್ಟ್‌ಮುಂಡ್ ಸ್ಟೇಜ್ ಮೇಲೆ ಕೂಗಿದ್ದು? ಒಸಾಕಾದಲ್ಲಿ?”

“ನೀನೇ. ಬೇರೆ ಯಾರು?”

ಸ್ಟೇಜಿನ ಮೇಲೆ ಹಾಡಿದ್ದನ್ನೇ ರೆಕಾರ್ಡಾಗಿ ತರೋಣವೆಂದು ಕಂಪನಿಯವರು ಎಷ್ಟು ಸಲ ದುಂಬಾಲು ಬಿದ್ದಿರಲಿಲ್ಲ! ಪ್ರತಿ ಸಲವೂ ರಾಯ್‌ಸ್ಟನ್ ಟೇಪು ತರಿಸಿ ಕೇಳುತ್ತಿದ್ದ. ಮೊದಲ ರೆಕಾರ್ಡಿನ ಪಕ್ಕದಲ್ಲಿಟ್ಟರೆ ತನ್ನ ಕೂಗು ಒರಟಾಗಿ, ಬಡಕಲಾಗಿ ಕೇಳಿಸುತ್ತಿತ್ತು. ಇದು ಹೊರಗೆ ಹೋದರೆ ಮಾನ ಹೋಗುತ್ತದೆಂದು ಅಳಿಸಿ ಹಾಕಿಸುತ್ತಿದ್ದ. ಹ್ಯಾಮರ್‌ಗೇಟ್ ಅಷ್ಟೊಂದು ರೆಕಾರ್ಡು ಮಾಡಿಯೂ, ಜನರೆದುರು ಹಾಡಿದ್ದೊಂದೂ ಉಳಿದಿರಲಿಲ್ಲ.

“ಒಂದೂ ಇಲ್ವೇನೋ? ಯಾರ ಹತ್ರಾನೂ?”

ನೆವಿಲ್ ಇಲ್ಲವೆಂದು ತಲೆಯಾಡಿಸಿದ. “ನೀನು ಬಿಡ್ಲಿಲ್ಲವಲ್ಲೋ.”

“ನಿಜವಾಗಿ ಕೂಗಿದ್ದನ್ನೆಲ್ಲ ನಾನೇ ಕೈಯಾರೆ ಬೇಡ ಅಂದೆ ಕಣೋ ನೆವಿಲ್.” ಅವನ ಕಣ್ಣು ತುಂಬಿತು, ಒರೆಸಿಕೊಳ್ಳಲೂ ಹೋಗಲಿಲ್ಲ.

ಸ್ಪೀಕರಿನಲ್ಲಿ ಗ್ವೆಂಡಾಳ ದನಿ ಬಂತು. “ಯಜಮಾನರೇ, ಮೈಕ್ ಆನ್ ಇತ್ತು, ಎಲ್ಲ ಕೇಳಿಸ್ತು. ಈಗ್ಲೂ ಹಾಗೇ ಸ್ವರ ಮೇಲೆತ್ತಿ ಕೊಡ್ಲಾ? ಒಂದು ಗುಂಡಿ ಒತ್ತಿದ್ರೆ ಆಯ್ತು.”

ರಾಯ್‌ಸ್ಟನ್ ನೆವಿಲ್‌ನ ಕಡೆ ತಿರುಗಿ, “ಆ ಜ್ವರದ ದಿನ ನಾನು ನಿಜಕ್ಕೂ ಕೂಗಿದ್ದು ಯಾವ ಸ್ವರ? ಬಾರಿಸು” ಎಂದ.

ನೆವಿಲ್ ಗಿಟಾರಿನ ಒಂದು ತಂತಿ ಮೀಟಿದ. ಸ್ವರ ಎಷ್ಟೋ ಕೆಳಗಿತ್ತು.

“ಇಷ್ಟೇನಾ?” ಎಂದು ರಾಯ್‌ಸ್ಟನ್ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ಇಳಿದ ಮೇಲೆ ಎದ್ದು ನಿಂತು ಆ ಸ್ವರವನ್ನೇ ಕೂಗಿದ. ಹರಿದ ಗಂಟಲಿನಿಂದ ಬಂದ ದನಿ ಒರಟಾಗಿತ್ತು, ದಣಿದಿತ್ತು, ತುದಿಯಲ್ಲಿ ಒಡೆಯಿತು ಕೂಡ. ಆದರೂ ಉಸಿರು ಇರುವವರೆಗೆ ಅದು ನಿಂತಿತು.

ಗಾಜಿನಾಚೆ ಗ್ವೆಂಡಾ ಮೈಕಿನತ್ತ ಬಗ್ಗಿದಳು. “ಅಳಿಸ್ಲಾ, ಇಟ್ಕೊಳ್ಲಾ?”

“ಇಟ್ಕೊಳಮ್ಮ” ಎಂದ ರಾಯ್‌ಸ್ಟನ್. “ಹೇಗಿದೆಯೋ ಹಾಗೇ ಇಟ್ಕೋ.”